ಸೈಕಲ್ಲಿಗೆ ರಜೆ, ಎಲ್ಲೋರಕ್ಕೆ ಇಡೀ ದಿನ

ಒಬ್ಬರೇ ಸೈಕಲ್ ಪ್ರವಾಸ ಹೊರಡುವವರು ದಾರಿಯ ನಕ್ಷೆ ಹಾಕುವಾಗ ಮೊದಲು ಕತ್ತರಿ ಬೀಳುವುದು ವಿಶ್ರಾಂತಿಯ ದಿನಕ್ಕೆ. ಸಿಕ್ಕಿರುವುದೇ ಆರೇಳು ದಿನದ ರಜೆ, ಅದರಲ್ಲಿ ಒಂದು ದಿನ ತುಳಿಯದೆ ಕೂರುವುದೇ ಎಂಬ ಲೆಕ್ಕ. ಐಟಿ ಕಂಪನಿಯಲ್ಲೋ ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ದುಡಿಯುವ ನಮಗೆ ಗುರಿ, ಗಡುವುಗಳ ಅಭ್ಯಾಸ ಎಷ್ಟು ಅಂಟಿಕೊಂಡಿದೆಯೆಂದರೆ ರಜೆಯಲ್ಲೂ ದಿನಕ್ಕೆ ಇಷ್ಟು ಕಿಲೋಮೀಟರ್ ಎಂದು ನಮಗೆ ನಾವೇ ಟಾರ್ಗೆಟ್ ಹಾಕಿಕೊಳ್ಳುತ್ತೇವೆ. ಸಂಜೆ ಸ್ಟ್ರಾವಾ ತೆರೆದು ಅಂಕಿ ನೋಡಿದ ಮೇಲೆಯೇ ಸಮಾಧಾನ.

ನನ್ನ ಅಭಿಪ್ರಾಯ ಬೇರೆ. ಇಡೀ ಪ್ರವಾಸದಲ್ಲಿ ಯಾವ ದಿನವನ್ನಾದರೂ ಬಿಡಿ, ವಿಶ್ರಾಂತಿಯ ದಿನವನ್ನು ಬಿಡಬೇಡಿ. ಅದನ್ನು ಲಾಡ್ಜಿನ ಮಂಚದ ಮೇಲೆ ಮೊಬೈಲ್ ಹಿಡಿದು ಕಳೆಯಲೂ ಬೇಡಿ. ಮಹಾರಾಷ್ಟ್ರದಲ್ಲಿರುವ ಕನ್ನಡಿಗರಾದರೆ ಆ ದಿನವನ್ನು ಎಲ್ಲೋರಕ್ಕೆ ಇಡಿ. ನಾವು ಊರು ಬಿಟ್ಟು ಬಂದು ಕೆಲಸ ಮಾಡುತ್ತಿರುವುದಕ್ಕೂ ಅಲ್ಲಿನ ಗುಡಿಗೂ ಒಂದು ಸಂಬಂಧವಿದೆ. ಅದು ಕಾರಿನಲ್ಲಿ ಹೋಗಿ ಮುಕ್ಕಾಲು ಗಂಟೆ ಸುತ್ತಿ ಬಂದರೆ ಕಾಣುವಂಥದ್ದಲ್ಲ.

ದಾರಿಯೇ ಮೊದಲ ಪಾಠ

ಪುಣೆಯಿಂದ ಎಲ್ಲೋರ ಸುಮಾರು 265 ಕಿಲೋಮೀಟರ್. ಮೊದಲ ದಿನ ಅಹ್ಮದ್‌ನಗರ, ಅಂದರೆ ಈಗಿನ ಅಹಿಲ್ಯಾನಗರ. ಎರಡನೆಯ ದಿನ ಔರಂಗಾಬಾದ್, ಈಗಿನ ಛತ್ರಪತಿ ಸಂಭಾಜಿನಗರ. ಎರಡೂ ದಿನ ನೂರರ ಮೇಲೆ ಕಿಲೋಮೀಟರ್, ಚಳಿಗಾಲವಾದರೆ ಬಯಲಿನಲ್ಲಿ ಎದುರುಗಾಳಿ. ಮೂರನೆಯ ದಿನ ಉಳಿಯುವುದು 30 ಕಿಲೋಮೀಟರ್ ಅಷ್ಟೆ. ಆದರೆ ದೌಲತಾಬಾದ್ ಕೋಟೆ ದಾಟಿದ ಮೇಲೆ ಖುಲ್ದಾಬಾದಿಗೆ ಹತ್ತುವ ಘಾಟಿ ಇದೆ. ಎರಡು ದಿನ ದಣಿದ ತೊಡೆಗಳು ಅಲ್ಲಿ ಮಾತನಾಡತೊಡಗುತ್ತವೆ. ಘಾಟಿ ಹತ್ತಿ ಇಳಿದರೆ ವೇರುಳ್. ಮರಾಠಿಯವರು ಎಲ್ಲೋರಕ್ಕೆ ಕರೆಯುವ ಹೆಸರು ಅದೇ.

ಈ ಮೂರು ದಿನದಲ್ಲಿ ಕಾರಿನವರಿಗೆ ಗೊತ್ತಾಗದ ಒಂದು ಸಂಗತಿ ಕಾಲಿಗೆ ಗೊತ್ತಾಗುತ್ತದೆ. ಪುಣೆಯ ಹೊರವಲಯದ ಗುಡ್ಡ ಕಡಿದ ರಸ್ತೆಯಿಂದ ಹಿಡಿದು ವೇರುಳಿನವರೆಗೆ ಕಲ್ಲು ಒಂದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾ, ಅಂದರೆ ಬಸಾಲ್ಟ್. ಅದು ಸವೆದು ಆದದ್ದೇ ಇಕ್ಕೆಲದ ಎರೆಮಣ್ಣು. ಆ ಮಣ್ಣಿನಲ್ಲಿ ಬೆಳೆದ ಜೋಳದ ಭಾಕ್ರಿಯೇ ಊಟದ ತಟ್ಟೆಗೆ ಪಿಠ್ಲೆಯ ಜೊತೆ ಬರುತ್ತದೆ. ನಮ್ಮ ಜೋಳದ ರೊಟ್ಟಿಯೂ ಜುಣಕವೂ ಎದುರಿಗೆ ಬಂದು ಕೂತಂತೆ. ಗುಹೆಯ ಮುಂದೆ ನಿಂತಾಗ ಆ ಕರಿಗಲ್ಲು ಅಪರಿಚಿತ ಅನಿಸುವುದಿಲ್ಲ. ಮೂರು ದಿನ ಅದರ ಮೇಲೆಯೇ ಉರುಳಿ ಬಂದಿರುತ್ತೀರಿ.

ದಾರಿಯಲ್ಲಿ ಇನ್ನೊಂದು ಗುರುತಿದೆ. ಎರಡನೆಯ ದಿನ ಮಧ್ಯಾಹ್ನ ಪ್ರವರಾ ನದಿ ಗೋದಾವರಿಯನ್ನು ಸೇರುವ ಕಡೆ, ಕಾಯ್‌ಗಾಂವ್ ಟೋಕೆಯ ಹತ್ತಿರ, ಸೇತುವೆ ದಾಟುತ್ತೇವೆ. ಕಾವೇರಿಯಿಂದ ಗೋದಾವರಿಯವರೆಗಿನ ನಾಡು ಕನ್ನಡನಾಡು ಎಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಹೇಳುತ್ತದೆಂಬುದು ನಮಗೆಲ್ಲ ಶಾಲೆಯ ಪಾಠ. ರಾಜ್ಯೋತ್ಸವದ ಭಾಷಣಗಳಲ್ಲಿ ಅದನ್ನು ಕೇಳದ ವರ್ಷವಿಲ್ಲ. ಆ ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿದಾಗ ಹೊಳೆಯುವುದು ಬೇರೆಯೇ ಒಂದು ವಿಷಯ. ಎಲ್ಲೋರ ಇರುವುದು ಗೋದಾವರಿಯ ಆಚೆ ದಡದಲ್ಲಿ, ಉತ್ತರಕ್ಕೆ ಇನ್ನೂ ಒಂದು ದಿನದ ಸೈಕಲ್ ದಾರಿಯಷ್ಟು ದೂರದಲ್ಲಿ. ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ ಗ್ರಂಥವೇ ಹೇಳಿದ ಗಡಿಯ ಪ್ರಕಾರ ನೋಡಿದರೆ ರಾಷ್ಟ್ರಕೂಟರ ಅತಿ ದೊಡ್ಡ ಗುಡಿ ಕನ್ನಡನಾಡಿನ ಹೊರಗಿದೆ. ಅಂದರೆ ಅದು ಅಂದಿಗೇ ಹೊರನಾಡಿನ ಕೆಲಸ.

ರಜೆಯ ದಿನದ ಅನುಕೂಲ

ಒಂಟಿ ಸವಾರನ ಕಷ್ಟ ಒಂಟಿ ಸವಾರನಿಗೇ ಗೊತ್ತು. ಸೈಕಲ್ಲಿಗೆ ನೇತುಹಾಕಿದ ಚೀಲಗಳಲ್ಲಿ ಬಟ್ಟೆ, ಟ್ಯೂಬು, ಪಂಪು, ಚಾರ್ಜರು ಎಲ್ಲವೂ ಇರುತ್ತವೆ. ಕಾಯಲು ಜೊತೆಗಾರರಿಲ್ಲ. ದಾರಿಯಲ್ಲಿ ಎಂಥ ಗುಡಿ ಸಿಕ್ಕರೂ ಬಾಗಿಲಲ್ಲಿ ನಿಂತು ಕೈಮುಗಿದು, ಒಂದು ಕಣ್ಣು ದೇವರ ಮೇಲೆ ಇನ್ನೊಂದು ಸೈಕಲ್ಲಿನ ಮೇಲೆ ಇಟ್ಟು ಹೊರಡಬೇಕು. ಕಾಲಲ್ಲಿರುವ ಕ್ಲೀಟ್ ಬೂಟು ಕಲ್ಲಿನ ಮೇಲೆ ಜಾರುತ್ತದೆ. ತುಳಿಯುವ ದಿನ ಏನನ್ನೂ ನಿಧಾನವಾಗಿ ನೋಡಲಾಗುವುದಿಲ್ಲ. ಮನಸ್ಸೆಲ್ಲ ಮುಂದಿನ ಊರು, ಉಳಿದ ನೀರು, ಕತ್ತಲಾಗುವ ಹೊತ್ತಿನ ಮೇಲೆ.

ವಿಶ್ರಾಂತಿಯ ದಿನ ಸೈಕಲ್ ಕೋಣೆಯೊಳಗೆ ಗೋಡೆಗೆ ಒರಗಿರುತ್ತದೆ. ಬೆಳಗ್ಗೆ ಬಟ್ಟೆ ಒಗೆದು ಹಗ್ಗಕ್ಕೆ ಹಾಕಿ, ಚೈನಿನ ಧೂಳು ಒರೆಸಿ ಎಣ್ಣೆ ಬಿಟ್ಟು, ಮನೆಗೆ ಫೋನ್ ಮಾಡಿದರೆ ಕೆಲಸ ಮುಗಿಯಿತು. ಕಾಲಿಗೆ ಚಪ್ಪಲಿ, ಕೈಯಲ್ಲಿ ಒಂದು ನೀರಿನ ಬಾಟಲಿ. ದಣಿದ ಸ್ನಾಯುಗಳಿಗೆ ದಿನವಿಡೀ ಮಲಗುವುದಕ್ಕಿಂತ ನಿಧಾನದ ನಡಿಗೆ ಒಳ್ಳೆಯದು ಎಂಬುದು ಸೈಕಲ್ ತುಳಿಯುವವರ ಅನುಭವ. ಎಲ್ಲೋರದ ಗುಹೆಗಳು ಒಂದೇ ಗುಡ್ಡದ ಅಂಚಿನಲ್ಲಿ ಉತ್ತರ-ದಕ್ಷಿಣವಾಗಿ ಸುಮಾರು ಎರಡು ಕಿಲೋಮೀಟರ್ ಹಬ್ಬಿವೆ. ಅಷ್ಟು ದೂರ ಅಲ್ಲಲ್ಲಿ ಕೂತು ಎದ್ದು ಹೋಗಿಬರುವುದು ಅಂಥ ನಡಿಗೆಗೆ ಹೇಳಿಮಾಡಿಸಿದ ಅಳತೆ.

ನೋಡಬಹುದಾದ ಗುಹೆಗಳು 34. ದಕ್ಷಿಣದ ತುದಿಯಿಂದ ಒಂದರಿಂದ ಹನ್ನೆರಡು ಬೌದ್ಧರವು, ಹದಿಮೂರರಿಂದ ಇಪ್ಪತ್ತೊಂಬತ್ತು ಶೈವ-ವೈಷ್ಣವ ಗುಡಿಗಳು, ಉತ್ತರದ ತುದಿಯ ಐದು ಜೈನರವು. ಕೈಲಾಸ ಹದಿನಾರನೆಯದು. ನಮ್ಮ ಕಡೆಯಿಂದ ಶಿರಡಿ, ಶನಿ ಶಿಂಗಣಾಪುರ, ಘೃಷ್ಣೇಶ್ವರ ಎಂದು ಯಾತ್ರೆ ಬರುವವರು ಘೃಷ್ಣೇಶ್ವರನ ದರ್ಶನ ಮುಗಿಸಿ, ‘ಹೇಗೂ ಬಂದಿದ್ದೇವೆ’ ಎಂದು ಕೈಲಾಸಕ್ಕೊಂದು ಸುತ್ತು ಹಾಕಿ ಹೊರಡುತ್ತಾರೆ. ಮಿಕ್ಕ 33 ಗುಹೆಗಳು ಬಸ್ಸಿನ ವೇಳಾಪಟ್ಟಿಯಲ್ಲಿ ಇರುವುದಿಲ್ಲ. ಗುಹೆಗಳ ಮುಖವೆಲ್ಲ ಪಶ್ಚಿಮಕ್ಕೆ. ಬೆಳಗಿನ ಹೊತ್ತು ಒಳಗೆಲ್ಲ ನೆರಳು, ಮಧ್ಯಾಹ್ನದ ಮೇಲೆ ಬಿಸಿಲು ಒಳಗೆ ಇಳಿಯುತ್ತ ಹೋಗುತ್ತದೆ. ಬೆಳಗ್ಗೆ ನೋಡಿದ ಮೂರ್ತಿಯನ್ನೇ ಸಂಜೆ ಇನ್ನೊಮ್ಮೆ ನೋಡುವ ಪುರುಸೊತ್ತು ವಿಶ್ರಾಂತಿಯ ದಿನದವರಿಗೆ ಮಾತ್ರ ಇರುತ್ತದೆ.

ಮೇಲಿನಿಂದ ಕೆಳಕ್ಕೆ

ಕೈಲಾಸವನ್ನು ಮೊದಲು ಅಂಗಳದಿಂದ ನೋಡದೆ ಪಕ್ಕದ ಗುಡ್ಡ ಹತ್ತಿ ಮೇಲಿನಿಂದ ನೋಡುವುದು ಒಳ್ಳೆಯದು. ಕೆಲಸ ಶುರುವಾದದ್ದು ಅಲ್ಲಿಂದ. ಗುಡ್ಡದ ನೆತ್ತಿಯಿಂದ ಮೂರು ಕಡೆ ಆಳದ ಕಂದಕ ಕಡಿದು, ನಡುವೆ ದ್ವೀಪದ ಹಾಗೆ ಒಂದು ದೊಡ್ಡ ಬಂಡೆ ಉಳಿಸಿಕೊಂಡು, ಅದನ್ನು ಶಿಖರದಿಂದ ಬುಡದ ಕಡೆಗೆ ಕೆತ್ತುತ್ತ ಬಂದಿದ್ದಾರೆ. ಅಂಗಳದ ಉದ್ದ ಸುಮಾರು 82 ಮೀಟರ್, ಅಗಲ 46 ಮೀಟರ್, ಹಿಂದಿನ ಗೋಡೆಯ ಎತ್ತರ 30 ಮೀಟರಿಗೂ ಹೆಚ್ಚು. ತೆಗೆದು ಹಾಕಿದ ಕಲ್ಲು ಸುಮಾರು ಎರಡು ಲಕ್ಷ ಟನ್ ಇರಬಹುದೆಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಶಿಖರದ ಕೆಲಸ ಮುಗಿಸುವಾಗಲೇ ಬುಡದಲ್ಲಿ ಆನೆಗಳ ಸಾಲು ಎಲ್ಲಿ ಬರಬೇಕು, ಕಂಬ ಎಷ್ಟು ದಪ್ಪ ಇರಬೇಕು ಎಂಬುದು ಯಾರದೋ ತಲೆಯಲ್ಲಿ ಪೂರ್ತಿಯಾಗಿ ಕೂತಿರಬೇಕು. ಒಂದು ಗೇಣು ಹೆಚ್ಚು ಕಡಿದರೆ ಮತ್ತೆ ಅಂಟಿಸುವಂತಿಲ್ಲ.

ಅದು ಸುಲಭದ ಕೆಲಸವಾಗಿರಲಿಲ್ಲವೆಂದು ಅಂದಿನವರಿಗೂ ಗೊತ್ತಿತ್ತು. ರಾಷ್ಟ್ರಕೂಟರ ಗುಜರಾತ್ ಶಾಖೆಯ ಕರ್ಕ ಸುವರ್ಣವರ್ಷನ ಬರೋಡಾ ತಾಮ್ರಶಾಸನ, ಎಲಾಪುರದಲ್ಲಿ ಕೃಷ್ಣರಾಜ ಮಾಡಿಸಿದ ಗುಡಿಯನ್ನು ಹೊಗಳುತ್ತ, ಅದನ್ನು ಕಂಡು ದೇವತೆಗಳೇ ಬೆರಗಾದರೆಂದೂ ಇದನ್ನು ತಾನು ಹೇಗೆ ಮಾಡಿದೆನೋ ಎಂದು ಶಿಲ್ಪಿಯೇ ಅಚ್ಚರಿಪಟ್ಟನೆಂದೂ ಹೇಳುತ್ತದೆ. ಕೃಷ್ಣರಾಜನೆಂದರೆ ಒಂದನೆಯ ಕೃಷ್ಣ. ಬಾದಾಮಿ ಚಾಲುಕ್ಯರನ್ನು ಸೋಲಿಸಿ ರಾಷ್ಟ್ರಕೂಟರ ಆಳ್ವಿಕೆಗೆ ತಳಪಾಯ ಹಾಕಿದ ದಂತಿದುರ್ಗನ ಚಿಕ್ಕಪ್ಪ. ದಂತಿದುರ್ಗನ ಶಾಸನ ಕೈಲಾಸದ ಪಕ್ಕದ ಹದಿನೈದನೆಯ ಗುಹೆಯಲ್ಲೇ ಇದೆ.

ಮರಾಠಿಯಲ್ಲಿ ಇನ್ನೊಂದು ಕಥೆ ಉಳಿದಿದೆ. ರಾಜನಿಗೆ ಕಾಯಿಲೆ. ಗುಣವಾದರೆ ಶಿವನಿಗೆ ಗುಡಿ ಕಟ್ಟಿಸುವುದಾಗಿಯೂ ಅದರ ಶಿಖರ ಕಾಣುವ ತನಕ ಅನ್ನ ಮುಟ್ಟುವುದಿಲ್ಲವೆಂದೂ ರಾಣಿ ಮಾಣಿಕಾವತಿಯ ಹರಕೆ. ಶಿಖರವೆಂದರೆ ಗುಡಿಯಲ್ಲಿ ಕಡೆಗೆ ಆಗುವ ಕೆಲಸ, ಅಲ್ಲಿಯವರೆಗೆ ರಾಣಿ ಬದುಕಬೇಕಲ್ಲ! ಪೈಠಣದಿಂದ ಕೋಕಸನೆಂಬ ಶಿಲ್ಪಿಯನ್ನು ಕರೆಸಿದರು. ಅವನು ಗುಡ್ಡದ ತಲೆಯಿಂದ ಶುರುಮಾಡಿ ವಾರದಲ್ಲಿ ಶಿಖರ ತೋರಿಸಿಬಿಟ್ಟ. ಇದನ್ನು ಗೈಡುಗಳ ಕಟ್ಟುಕಥೆಯೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಗುಡಿಯನ್ನು ಮೇಲಿನಿಂದ ಕೆಳಕ್ಕೆ ಕಡಿದರು ಎಂಬ ನಿಜವನ್ನು ಅಕ್ಷರ ಬಾರದ ಜನವೂ ನೂರಾರು ವರ್ಷ ನೆನಪಿಟ್ಟುಕೊಳ್ಳುವ ಹಾಗೆ ಈ ಕಥೆ ಹಿಡಿದಿಟ್ಟಿದೆ. ಕೋಕಸನೂ ಕೆಲಸಕ್ಕೆಂದು ಬೇರೆ ಊರಿನಿಂದ ಬಂದವನೇ.

‘ಅಲ್ಲಿ ಕಟ್ಯಾರ, ಇಲ್ಲಿ ಕಡದಾರ’

ಅಂಗಳದಲ್ಲಿ ನೆರಳು ಹುಡುಕಿ ಕೂತಿದ್ದಾಗ ಬಾಗಲಕೋಟೆ ಕಡೆಯ ಒಂದು ಕುಟುಂಬ ಬಂತು. ಫೋಟೊ ತೆಗೆಸಿಕೊಳ್ಳುವವರೆಲ್ಲ ಆನೆಯ ಮುಂದೆ ನಿಂತರು. ಗುಂಪಿನ ಹಿರಿಯಮ್ಮ ಮಾತ್ರ ಗೋಡೆಯನ್ನು ನೋಡುತ್ತ ನಿಂತಿದ್ದವರು, ನಾನು ಕನ್ನಡದವನೆಂದು ಗೊತ್ತಾದ ಮೇಲೆ, ‘ನಮ್ಮ ಪಟ್ಟದಕಲ್ಲಾಗಿನ ಗುಡಿ ಇದ್ದಂಗ ಐತಲ್ಲೋ ತಮ್ಮಾ. ಅಲ್ಲಿ ಕಟ್ಯಾರ, ಇಲ್ಲಿ ಕಡದಾರ, ಅಷ್ಟ ನೋಡು’ ಎಂದರು. ‘ಹೌದಮ್ಮ, ಓದಿದವರೂ ಇದನ್ನೇ ಹೇಳ್ತಾರೆ’ ಎಂದೆ. ‘ಓದಾಕ ಏನೈತಿ ಅದರಾಗ, ಕಣ್ಣಿಗೆ ಕಾಣತೈತಿ’ ಎಂದು ನಕ್ಕು ಮುಂದೆ ಹೋದರು.

ಹಿರಿಯಮ್ಮನ ಮಾತು ಸರಿ. ಕೈಲಾಸದ ವಿನ್ಯಾಸವನ್ನು ಕಲಾ ಇತಿಹಾಸಕಾರರು ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಗೂ, ಅದರ ಹಿಂದಿನ ಕಾಂಚೀಪುರದ ಕೈಲಾಸನಾಥನ ಗುಡಿಗೂ ಹೋಲಿಸುತ್ತ ಬಂದಿದ್ದಾರೆ. ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದಾಗ ಆ ಗುಡಿಯ ಸಂಪತ್ತನ್ನು ದೇವರಿಗೇ ಹಿಂದಿರುಗಿಸಿದ. ಅದನ್ನು ಹೇಳುವ ಕನ್ನಡ ಶಾಸನ ಕಂಚಿಯ ಗುಡಿಯ ಕಂಬದ ಮೇಲೆ ಇಂದಿಗೂ ಇದೆ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷನ ಗುಡಿ ಕಟ್ಟಿಸಿದಳು. ಅಲ್ಲಿನ ಶಾಸನಗಳು ಗುಂಡನೆಂಬ ಶಿಲ್ಪಿಯನ್ನೂ ಸರ್ವಸಿದ್ಧಿ ಆಚಾರಿಯನ್ನೂ ಹೆಸರು ಹಿಡಿದು ಗೌರವಿಸುತ್ತವೆ. ಸರ್ವಸಿದ್ಧಿ ಆಚಾರಿಯನ್ನು ತೆಂಕಣ ದಿಕ್ಕಿನ ಸೂತ್ರಧಾರಿ ಎಂದು ಕರೆದಿದೆ. ಅದಾಗಿ ಮೂವತ್ತು ವರ್ಷ ತುಂಬುವುದರೊಳಗೆ ರಾಜ್ಯ ರಾಷ್ಟ್ರಕೂಟರ ಪಾಲಾಗಿ, ವೇರುಳಿನಲ್ಲಿ ಉಳಿಯ ಸದ್ದು ಜೋರಾಗಿತ್ತು.

ಮಲಪ್ರಭೆಯ ದಂಡೆಯ ಕೈಗಳಿಗೆ ಒಗ್ಗಿದ್ದು ಕೆಂಪು ಮರಳುಗಲ್ಲು. ಶಕ 500, ಅಂದರೆ ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯನ್ನು ಕೊರೆದದ್ದು ಆ ಕಲ್ಲಿನಲ್ಲಿ. ಇಲ್ಲಿರುವುದು ಗಡುಸಾದ ಕರಿ ಬಸಾಲ್ಟ್. ಚಾಲುಕ್ಯರ ನಾಡಿನಲ್ಲಿ ಪಳಗಿದ ಕಸುಬು ಇಲ್ಲಿ ಹೊಸ ಕಲ್ಲಿಗೆ, ಹೊಸ ಪದ್ಧತಿಗೆ, ಇಲ್ಲಿ ಮೊದಲೇ ಗುಹೆ ಕೊರೆಯುತ್ತಿದ್ದ ಸ್ಥಳೀಯರ ಜಾಣತನಕ್ಕೆ ಹೊಂದಿಕೊಂಡಿದೆ. ಕೈಲಾಸಕ್ಕೂ ಮುಂಚೆಯೇ ಬೌದ್ಧರ ಗುಹೆಗಳು ಇಲ್ಲಿದ್ದವಲ್ಲ. ಹತ್ತನೆಯ ಗುಹೆಯ ಕಮಾನಿನ ಛಾವಣಿಯಲ್ಲಿ ಮರದ ತೊಲೆಗಳ ಹಾಗೆ ಕಲ್ಲು ಕೆತ್ತಿದವರು ಅದಾಗಲೇ ಈ ಬಂಡೆಯ ಗುಣ ಅರಿತಿದ್ದರು. ಹೊಸ ಊರಿಗೆ ಬಂದು ಇಲ್ಲಿಯವರಿಂದ ಕಲಿತು, ತಾನು ತಂದದ್ದನ್ನು ಇಲ್ಲಿಯ ಕೆಲಸಕ್ಕೆ ಸೇರಿಸುವುದು ಪುಣೆಯ ಕಾರ್ಖಾನೆಯಲ್ಲೂ ಹೈದರಾಬಾದಿನ ಆಫೀಸಿನಲ್ಲೂ ನಾವು ದಿನನಿತ್ಯ ಮಾಡುವುದೇ ಅಲ್ಲವೆ?

ಯಾರ ಗುಡಿ ಎಂಬ ಜಗಳ

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ಎಲ್ಲೋರದ ಹೆಸರೆತ್ತಿದರೆ ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಒಂದೇ ಬಗೆಯ ವಾದ. ಆಫೀಸಿನ ಊಟದ ಮೇಜಿನಲ್ಲೋ ವಾಟ್ಸ್ಯಾಪ್ ಗುಂಪಿನಲ್ಲೋ ‘ಅದು ನಮ್ಮವರು ಕಟ್ಟಿದ್ದು’ ಎಂದು ಕನ್ನಡಿಗರು, ‘ರಾಷ್ಟ್ರಕೂಟರು ನಮ್ಮವರು’ ಎಂದು ಮರಾಠಿಗರು. ಎರಡಕ್ಕೂ ಹಿಡಿದುಕೊಳ್ಳಲು ಎಳೆಗಳಿವೆ. ಅವರ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತು, ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದೇ ರಾಜರು ತಮ್ಮನ್ನು ಲಟ್ಟಲೂರಿನ ಒಡೆಯರೆಂದು ಕರೆದುಕೊಂಡರು. ಲಟ್ಟಲೂರೆಂದರೆ ಇಂದಿನ ಲಾತೂರ್ ಎಂದು ಗುರುತಿಸುತ್ತಾರೆ, ಅದು ಮಹಾರಾಷ್ಟ್ರದಲ್ಲಿದೆ. 1956ರ ಗಡಿಯನ್ನು 756ರ ರಾಜರ ಮೇಲೆ ಎಳೆದರೆ ಈ ಜಗಳ ಮುಗಿಯುವುದಿಲ್ಲ.

ಅಭಿಮಾನ ಬೇಡವೆಂದು ನಾನು ಹೇಳುತ್ತಿಲ್ಲ. ಜೈನ ಗುಹೆಗಳ ಕಡೆ ನಡೆದು, ಇಂದ್ರಸಭೆ ನೋಡಿ, ಪಕ್ಕದ ಜಗನ್ನಾಥ ಸಭೆಯ ಕಂಬಗಳ ನಡುವೆ ನಿಂತಾಗ ನನಗೂ ಮೈ ಜುಂ ಎಂದಿತು. ಅಲ್ಲಿ ಹಳಗನ್ನಡ ಲಿಪಿಯ ಬರಹಗಳಿವೆಯೆಂದು ಹತ್ತೊಂಬತ್ತನೆಯ ಶತಮಾನದಲ್ಲೇ ಜೇಮ್ಸ್ ಬರ್ಜೆಸ್ ದಾಖಲಿಸಿದ್ದಾರೆ. ಇಷ್ಟು ದೂರ ಬಂದವರು ತಮ್ಮ ಅಕ್ಷರವನ್ನೂ ತಂದಿದ್ದರು. ಆದರೆ ಅಲ್ಲೇ ಹತ್ತಿರದ ಛೋಟಾ ಕೈಲಾಸ ಅರ್ಧಕ್ಕೆ ನಿಂತಿದೆ. ಹಲವು ಗುಹೆಗಳಲ್ಲಿ ಉಳಿಯ ಒರಟು ಗೀರುಗಳು ಇವತ್ತೂ ಹಾಗೆಯೇ ಇವೆ. ಇದು ನಮ್ಮದು ಎಂದು ಹೇಳುವವರಿಗೆ ಆ ಅರ್ಧಕ್ಕೆ ನಿಂತ ಗೋಡೆಗಳನ್ನು ನೋಡುವ ತಾಳ್ಮೆಯೂ ಬೇಕು. ಕೆಲಸ ಹೇಗೆ ನಡೆಯುತ್ತಿತ್ತು ಎಂಬುದು ನುಣುಪಾದ ಮೂರ್ತಿಗಿಂತ ಅಲ್ಲಿ ಚೆನ್ನಾಗಿ ತಿಳಿಯುತ್ತದೆ.

ನಮ್ಮವರು ಎಂಬ ಅಭಿಮಾನಕ್ಕೆ ಬೆಲೆ ಬರುವುದು ನಾವು ಅದಕ್ಕಾಗಿ ಏನಾದರೂ ಮಾಡಿದಾಗ. ಕೈಲಾಸ ವಿಶ್ವ ಪರಂಪರೆಯ ಪಟ್ಟಿಗೆ 1983ರಲ್ಲೇ ಸೇರಿದೆ. ಅದಕ್ಕೆ ನಮ್ಮ ವಕಾಲತ್ತು ಬೇಕಿಲ್ಲ. ಬೇಕಿರುವುದು ಮಳಖೇಡಕ್ಕೆ. ಕಾಗಿಣಾ ನದಿಯ ದಂಡೆಯ ಆ ಊರಿನಲ್ಲಿ ಕೋಟೆಯ ಅವಶೇಷ ಇದೆ, ಹಳೆಯ ನೇಮಿನಾಥ ಬಸದಿ ಇದೆ. ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲು ಮಾರ್ಗದಲ್ಲಿ ಮಳಖೇಡ್ ರೋಡ್ ಎಂಬ ನಿಲ್ದಾಣವೇ ಇದೆ. ಹೈದರಾಬಾದಿನ ಕನ್ನಡಿಗರು ಹಬ್ಬಕ್ಕೆ ಊರಿಗೆ ಹೋಗುವಾಗ ಅದನ್ನು ಎಷ್ಟು ಸಲ ದಾಟಿದ್ದಾರೋ! ಕೈಲಾಸದ ಮುಂದೆ ನಿಂತು ಎದೆಯುಬ್ಬಿಸುವ ನಮ್ಮಲ್ಲಿ ಎಷ್ಟು ಜನ ಅಲ್ಲಿ ಇಳಿದಿದ್ದೇವೆ?

ಮುಂದಿನ ರಜೆಗೆ

ಸೈಕಲ್ ತುಳಿಯುವವರಿಗೆ ಒಂದು ಸಲಹೆ. ನಕ್ಷೆ ಹಾಕುವಾಗ ವಿಶ್ರಾಂತಿಯ ದಿನವನ್ನು ಮೊದಲು ಗೊತ್ತುಮಾಡಿ, ತುಳಿಯುವ ದಿನಗಳನ್ನು ಅದರ ಸುತ್ತ ಜೋಡಿಸಿ. ಎಲ್ಲೋರಕ್ಕೆ ಮಂಗಳವಾರ ರಜೆ ಎಂಬುದು ನೆನಪಿರಲಿ. ಚೆನ್ನೈನವರಿಗೆ 75 ಕಿಲೋಮೀಟರ್ ದೂರದಲ್ಲಿ ಕಂಚಿ ಇದೆ, ಅಲ್ಲಿ ಕನ್ನಡ ಶಾಸನದ ಕಂಬ ಕಾಯುತ್ತಿದೆ. ಪುಣೆ, ಮುಂಬಯಿಯವರು ಎರಡು ದಿನದ ರಜೆಯಲ್ಲೇ ಕಾರ್ಲಾ, ಭಾಜಾ ಗುಹೆಗಳಿಂದ ಅಭ್ಯಾಸ ಶುರುಮಾಡಬಹುದು.

ಸೈಕಲ್ ಆಗದವರಿಗೆ, ಅದರಲ್ಲೂ ನಮ್ಮ ಕನ್ನಡ ಸಂಘಗಳಿಗೆ ಇನ್ನೊಂದು ಮಾತು. ನವೆಂಬರಿನಲ್ಲಿ ಒಂದು ಸಂಜೆಯ ಆರ್ಕೆಸ್ಟ್ರಾಕ್ಕೆ ಖರ್ಚು ಮಾಡುವ ಹಣದಲ್ಲಿ ಮಕ್ಕಳನ್ನು ಒಂದು ಬಸ್ಸಿನಲ್ಲಿ ಎಲ್ಲೋರಕ್ಕೋ ಮಳಖೇಡಕ್ಕೋ ಕರೆದೊಯ್ಯಬಹುದು. ಹೊರನಾಡಿನಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡವೆಂದರೆ ಮನೆಯೊಳಗೆ ಅಪ್ಪ-ಅಮ್ಮ ಆಡುವ ಮಾತು, ವರ್ಷಕ್ಕೊಮ್ಮೆ ಅಜ್ಜಿ ಮನೆ. ಅಷ್ಟೇ ಆಗಬಾರದು. ಅವರನ್ನು ಇಡೀ ದಿನ ಅಲ್ಲಿ ಬಿಡಿ, ನಿಧಾನವಾಗಿ ನಡೆಯಲಿ, ಕಂಬದ ಬರಹ ಹುಡುಕಲಿ. ಪಟ್ಟದಕಲ್ಲು ನೋಡಿದ ಅಜ್ಜ-ಅಜ್ಜಿಯರಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಗೈಡಿನ ಅಗತ್ಯ ಅರ್ಧ ಕಡಿಮೆಯಾಗುತ್ತದೆ.